ಮೂರನೇ ಹಾಸಿಗೆಯ ಬಲಗೈ

ಪ್ಯೋ ಬೊಮಿ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತುವುದನ್ನೇ ಮರೆತಿದ್ದಳು. ಬಾಗಿಲು ಮುಚ್ಚಿಕೊಂಡಿತು, ಲಿಫ್ಟು ಎಲ್ಲಿಗೂ ಹೋಗಲಿಲ್ಲ. ಎದುರಿನ ಸ್ಟೀಲಿನ ಗೋಡೆಯಲ್ಲಿ ಅವಳ ಮುಖ ಯಾರೋ ಗಲ್ಲ ಹಿಡಿದು ಕೆಳಕ್ಕೆ ಎಳೆದಂತೆ ಕಾಣುತ್ತಿತ್ತು. ಗುಂಡಿಗಳ ಸಾಲಿನಲ್ಲಿ ಮೂರರ ಮೇಲೆ ನಾಲ್ಕು ಇರಲಿಲ್ಲ, ಎಫ್ ಎಂಬ ಅಕ್ಷರವಿತ್ತು. ಮುದುಕರನ್ನೇ ಇಟ್ಟುಕೊಳ್ಳುವ ಆಸ್ಪತ್ರೆಯವರು ಕೂಡ, ತಮ್ಮ ಭಾಷೆಯಲ್ಲಿ ಸಾವು ಎಂದೂ ಕೇಳಿಸುವ ನಾಲ್ಕರ ಅಂಕಿಗೆ ಹೆದರಿ ಅಕ್ಷರ ಬರೆಸಿದ್ದರು. ಎರಡು ವಾರದಿಂದ ಅವಳು ಈ ಕಟ್ಟಡದ ಎರಡು, ಮೂರು, ಐದನೇ ಮಹಡಿಗಳಿಗೆ ಹತ್ತಾರು ಸಲ ಬಂದು ಹೋಗಿದ್ದಳು. ಎಫ್ ಮಹಡಿಯ ಕಾಗದಗಳನ್ನು ಮಾತ್ರ ಕೆಳಗಿನ ಕೌಂಟರಿನಲ್ಲೇ ಕೊಟ್ಟು, ತುಂಬಿ ಅಂಟಿಸಿದ ಲಕೋಟೆಗಳನ್ನು ಅಲ್ಲೇ ಇಸಿದುಕೊಂಡಿದ್ದಳು. ಅವಳ ನರ್ಸಿಂಗ್ ಕಾಲೇಜಿನ ಪ್ರೊಫೆಸರ್ ಗು ಅವರ ಸಮೀಕ್ಷೆಗೆ ಆಸ್ಪತ್ರೆಯ ಕೆಲಸದವರಿಂದ ಎಂಬತ್ತು ಪ್ರಶ್ನಾವಳಿ ಬೇಕು. ಎಪ್ಪತ್ತೊಂಬತ್ತು ಆಗಿದ್ದವು. ಇವತ್ತು ಸಂಜೆಯೊಳಗೆ ಎಂಬತ್ತಾಗಬೇಕು. ಬೆಳಿಗ್ಗೆ ಎಫ್ ಮಹಡಿಯ ಹೆಡ್ ನರ್ಸ್ ಯೊಮ್ ಮೆಸೇಜು ಕಳಿಸಿದ್ದರು: ಉಳಿದಿರುವುದು ರೋಗಿಗಳನ್ನು ನೋಡಿಕೊಳ್ಳುವ ಥಾಕ್ ಚಿಕ್ಕಮ್ಮ ಒಬ್ಬರೇ, ಅವರ ಕನ್ನಡಕ ಒಡೆದಿದೆ, ನೀನೇ ಬಂದು ಓದಿ ಹೇಳಿ ಗುರುತು ಹಾಕಿಕೊಂಡು ಹೋಗು. ಥಾಕ್ ಎಂಬ ಹೆಸರು ಕಂಡದ್ದೇ ಬೊಮಿ ಫೋನನ್ನು ಮಗುಚಿಟ್ಟಿದ್ದಳು.

ಚೀಲದಲ್ಲಿ ಒಂದು ಹಾಳೆ, ಒಂದು ಲಕೋಟೆ, ಉತ್ತರಿಸಿದವರಿಗೆ ಕೊಡುವ ಕೈಗೆ ಹಚ್ಚುವ ಕ್ರೀಮಿನ ಕೊನೆಯ ಟ್ಯೂಬು. ಹಾಳೆಯ ನೆತ್ತಿಯಲ್ಲಿ 'ಹಿರಿಯರು' ಎಂದು ದಪ್ಪಕ್ಷರ. ಕೆಳಗೆ ಇಪ್ಪತ್ತು ಸಾಲು. ಪ್ರತಿ ಸಾಲಿನ ಎಡತುದಿಗೆ ಒಂದು ಒಳ್ಳೆಯ ಗುಣ, ಬಲತುದಿಗೆ ಅದಕ್ಕೆ ಎದುರಾದದ್ದು, ನಡುವೆ ಒಂದರಿಂದ ಏಳರವರೆಗೆ ಗುರುತು ಹಾಕುವ ಏಳು ಸೊನ್ನೆ. ಒಂದರ ಕಡೆಗೆ ಹೋದಷ್ಟೂ ಮುದುಕರ ಬಗ್ಗೆ ನಿಮ್ಮ ಮನಸ್ಸು ಒಳ್ಳೆಯದು, ಏಳರ ಕಡೆಗೆ ಹೋದಷ್ಟೂ ಕೆಟ್ಟದ್ದು, ನಾಲ್ಕೆಂದರೆ ಎರಡೂ ಅಲ್ಲ. ಮಾರ್ಚಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಂದ ತುಂಬಿಸಿದಾಗ ಅವಳೂ ತುಂಬಿದ್ದಳು. ಹೆಸರು ಬರೆಯುವ ಹಾಗಿಲ್ಲ, ಆದರೆ ಕಂಪ್ಯೂಟರಿಗೆ ಏರಿಸುವವಳು ಅವಳೇ. ತನ್ನ ಹಸಿರು ಪೆನ್ನು ತನಗೆ ಗೊತ್ತಾಗದೆ ಇರುತ್ತದೆಯೇ. ಮೂವತ್ತೊಂದನೆಯ ಹಾಳೆ. ಸರಾಸರಿ ಒಂದು ಮುಕ್ಕಾಲು. ನೂರಿಪ್ಪತ್ತು ಮಂದಿಯಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ. ಪ್ರೊಫೆಸರ್ ಗು ಪರದೆಯ ಮೇಲೆ ಆ ಸಾಲಿಗೆ ಬೆರಳಿಟ್ಟು, "ನೋಡು ಬೊಮಿ, ಇಂಥ ಮಗುವೂ ಇದೆ ನಮ್ಮಲ್ಲಿ, ಯಾವ ತಾಯಿ ಹೆತ್ತಳೋ" ಎಂದಿದ್ದರು. ಬೊಮಿ ಪಕ್ಕದಲ್ಲಿ ಕೂತು ಬಾರ್ಲಿ ನೀರು ಕುಡಿಯುತ್ತಿದ್ದಳು. ಹಾಳೆ ತುಂಬುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಿರಲೇ ಇಲ್ಲ, ನಾಚಿಕೆಯಾಗಬೇಕಾದ್ದು ಅದಕ್ಕೆ. ಆಗ ಅವಳ ಕಣ್ಣೆದುರು ಯಾವ ಮುದುಕಿಯೂ ಇರಲಿಲ್ಲ. 'ಹಿರಿಯರು' ಎಂಬ ಅಕ್ಷರಗಳಿದ್ದವು, ಅಕ್ಷರಗಳನ್ನು ಪ್ರೀತಿಸುವುದು ಕಷ್ಟವಲ್ಲ.

ಬಾಗಿಲು ತೆರೆದುಕೊಂಡಿತು. ಊಟದ ಗಾಡಿ ತಳ್ಳಿಕೊಂಡು ಬಂದ ಹೆಂಗಸು ಅವಳನ್ನು ನೋಡಿ, "ಹತ್ತೋಳೋ ಇಳಿಯೋಳೋ?" ಎಂದಳು.

"ಹತ್ತೋಳು."

"ಹತ್ತೋಳಾದ್ರೆ ಗುಂಡಿ ಒತ್ಬೇಕು ತಾಯಿ. ಅದೇನು ಮನಸ್ಸು ಓದುತ್ತಾ?" ಎಂದು ಅವಳೇ ಎಫ್ ಒತ್ತಿದಳು.

ಎಫ್ ಮಹಡಿಯ ವಾಸನೆ ಬದಲಾಗಿರಲಿಲ್ಲ. ಗಂಜಿ, ಒದ್ದೆ ಡೈಪರು, ನೆಲಕ್ಕೆ ಹಾಕುವ ಔಷಧಿ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಆರು ಹಾಸಿಗೆ, ಕಿಟಕಿಯ ಪಕ್ಕದ್ದು ಮೂರನೆಯದು. ಬೊಮಿ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಆ ಹಾಸಿಗೆಯ ಬಲಗಡೆಯ ಕಂಬಿಯನ್ನು. ಅಲ್ಲಿ ಬಿಳಿ ಕೈಗವಸಿತ್ತು. ಬೆರಳುಗಳಿಗೆ ಬೇರೆ ಬೇರೆ ಮನೆಯಿಲ್ಲದ, ಅಂಗೈ ಕಡೆ ಟೇಬಲ್ ಟೆನಿಸ್ ಬ್ಯಾಟಿನಂಥ ಗಟ್ಟಿ ತಟ್ಟೆಯಿರುವ ಕೈಗವಸು, ಅದರ ಪಟ್ಟಿ ಕಂಬಿಗೆ ಕಟ್ಟಿತ್ತು. ಅದರೊಳಗೆ ಮಲ್ಸುನ್ ಅಜ್ಜಿಯ ಬಲಗೈ. ಅಜ್ಜಿ ಬಾಯಿ ತೆರೆದು ಮಲಗಿದ್ದಳು. ಕೈಗವಸು ಇನ್ನೂ ಇದೆ ಎಂದು ಬೊಮಿಗೆ ಗೊತ್ತಿತ್ತು, ಮೂರನೇ ಮಹಡಿಯ ನರ್ಸೊಬ್ಬಳು ಮಾತಿನ ನಡುವೆ ಹೇಳಿದ್ದಳು. ಗೊತ್ತಿರುವುದು ಬೇರೆ. ಜನವರಿಯಿಂದ ನವೆಂಬರಿನವರೆಗೆ ಎಂದರೆ ಹತ್ತು ತಿಂಗಳು ಎಂದು ಎಣಿಸುವುದು ಬೇರೆ, ಬಿಳಿ ಬಟ್ಟೆ ತೊಳೆದು ತೊಳೆದು ಹಳದಿಯಾಗಿರುವುದನ್ನು ನೋಡುವುದು ಬೇರೆ.

ಜನವರಿಯಲ್ಲಿ ಬೊಮಿ ಇಲ್ಲಿಗೆ ತರಬೇತಿಗೆ ಬಂದಾಗ ಆ ಕೈ ಖಾಲಿ ಇತ್ತು. ಯಾರಾದರೂ ಹಾಸಿಗೆಯ ಬಳಿಯಿಂದ ಹೊರಟರೆ ಸಾಕು, ಅಜ್ಜಿ ಅಂಗೈಯಿಂದ ಕಂಬಿಗೆ ಎರಡು ಸಲ ಫಟ್ ಫಟ್ ಎಂದು ತಟ್ಟಿ "ಓರಾಯ್!" ಎಂದು ಕೂಗುತ್ತಿದ್ದಳು. ಹತ್ತೊಂಬತ್ತನೇ ವಯಸ್ಸಿನಿಂದ ಹನ್ನೊಂದು ವರ್ಷ ತೇಗು ಊರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಜನರನ್ನು ಒಳಗೆ ದಬ್ಬಿ, ತಾನು ಬಾಗಿಲಿಗೆ ಜೋತು ಬಿದ್ದು, ಬಸ್ಸಿನ ಪಕ್ಕೆಗೆ ಹಾಗೆ ತಟ್ಟಿ, ಆಲ್‌ರೈಟ್ ಎಂಬುದನ್ನೇ ಓರಾಯ್ ಎಂದು ಕೂಗಿದರೆ ಡ್ರೈವರು ಹೊರಡುತ್ತಿದ್ದನಂತೆ. ಡಾಕ್ಟರು ಹೊರಟರೂ ಫಟ್ ಫಟ್, ನರ್ಸು ಹೊರಟರೂ ಫಟ್ ಫಟ್. ತರಬೇತಿಗೆ ಬಂದ ಏಳು ವಿದ್ಯಾರ್ಥಿಗಳಿಗೆ ಅದು ಮೊದಲ ದಿನ ತಮಾಷೆ, ನಾಲ್ಕನೇ ದಿನ ತಲೆನೋವು. ಐದನೇ ದಿನ ಬೊಮಿ ಅವಳ ರಕ್ತದೊತ್ತಡ ನೋಡುತ್ತಿದ್ದಳು. ಕಿವಿಗೆ ಸ್ಟೆತೋಸ್ಕೋಪು ಇಟ್ಟು ಎಡತೋಳಿನ ಸದ್ದಿಗಾಗಿ ಕಾಯುತ್ತಿದ್ದರೆ ಆಚೆ ಬದಿಯಲ್ಲಿ ಫಟ್ ಫಟ್. ಎರಡು ಸಲ ನೋಡಿದಳು, ಕೇಳಿಸಲಿಲ್ಲ. ಮೂರನೇ ಸಲ ಬಾಯಿಗೆ ಬಂದ ಅಂಕಿ ಹೇಳಿದಳು. ಮೇಲ್ವಿಚಾರಣೆಯ ಟೀಚರು ತಾನೇ ನೋಡಿದರೆ ನಲವತ್ತರ ವ್ಯತ್ಯಾಸ. "ಮಿಸ್ ಪ್ಯೋ, ಇದನ್ನ ಕಿವೀಲಿ ಕೇಳಿದ್ದೋ, ಜಾತಕದಲ್ಲಿ ಓದಿದ್ದೋ?" ಜೊತೆಯ ಆರೂ ಮಂದಿ ನಕ್ಕರು. ಅದು ಹೋಗಲಿ, ಹಲ್ಲಿಲ್ಲದ ಬಾಯಿ ತೆರೆದು ಮುದುಕಿಯೂ ನಕ್ಕಳು, "ಬಿಡಿ ಪಾಪ, ಟಿಕೆಟ್ ಇಲ್ದೆ ಹತ್ತಿದೋಳು!" ಎಂದಳು. ಕೋಣೆಯ ಆರು ಹಾಸಿಗೆಯೂ ನಕ್ಕಿತು. ಟಿಕೆಟ್ ಇಲ್ಲದೆ ಹತ್ತಿದವಳು ಎಂಬುದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಬೊಮಿಯ ಕಿವಿಯ ತುದಿ ಸುಟ್ಟಿತ್ತು. ಊಟಕ್ಕೆ ಎಲ್ಲರೂ ಇಳಿದು ಹೋದ ಮೇಲೆ ಅವಳು ಹಿಂದಿರುಗಿ ಬಂದಳು. ಕಪಾಟಿನಿಂದ ಬಟ್ಟೆಯ ಪಟ್ಟಿ ತೆಗೆದಳು. ಯಾರೂ ಹೇಳಿರಲಿಲ್ಲ, ಡಾಕ್ಟರು ಬರೆದಿರಲಿಲ್ಲ. ಊಟ ಮುಗಿಸಿ ಬರುವವರೆಗೆ, ಅಷ್ಟೇ, ಎಂದುಕೊಂಡಳು. ಅಜ್ಜಿ ತಡೆಯಲಿಲ್ಲ. "ಎಲ್ಲಿಗೆ ಹೋಗ್ಬೇಕಮ್ಮಾ ನೀನು?" ಎಂದು ಕೇಳಿದಳು. ಬೊಮಿ ಅವಳ ಬಲಗೈಯನ್ನು ಕಂಬಿಗೆ ಸೇರಿಸಿ ಗಂಟು ಬಿಗಿದಳು.

ಊಟದ ನಂತರ ಟೀಚರು ಕೆಳಗಿನ ಸಭಾಂಗಣದಲ್ಲಿ ಪಾಠ ಇಟ್ಟರು. ಮೂರು ತಾಸು. ಹಿರಿಯರ ಘನತೆಯ ಬಗ್ಗೆ. ಪಾಠದ ನಡುವೆ ನೆನಪಾಗಿತ್ತು, ಎದ್ದು ಹೋಗಬಹುದಿತ್ತು. ಎದ್ದರೆ ಎಲ್ಲಿಗೆ ಎಂದು ಕೇಳುತ್ತಾರೆ. ಯಾರಾದರೂ ಬಿಚ್ಚಿರುತ್ತಾರೆ ಎಂದುಕೊಂಡು ನೋಟ್ಸ್ ಬರೆದಳು. ಆ ನೋಟ್ಸು ಇನ್ನೂ ಅವಳ ಬಳಿ ಇದೆ, ಅಕ್ಷರ ಚೆನ್ನಾಗಿದೆ.

"ಏ ಸ್ಟೂಡೆಂಟು, ಬಾಗಲಾಗ ನಿಂತು ಕಾವಲ ಕಾಯ್ತೀಯೇನು? ಬಾ ಒಳಗ." ಥಾಕ್ ಚಿಕ್ಕಮ್ಮ ಮೂರನೇ ಹಾಸಿಗೆಯ ಕೆಳಗಿಂದ ಎಳೆದ ಕುಳ್ಳ ಮಂಚದ ಮೇಲೆ ಕೂತು ಹಣ್ಣು ಸುಲಿಯುತ್ತಿದ್ದಳು. ಅರವತ್ತು ದಾಟಿದ, ಬೆನ್ನು ಅಗಲವಾದ ಹೆಂಗಸು; ಚೀನಾದ ಗಡಿಯೊಳಗಿನ ಯಾನ್‌ಬ್ಯನ್‌ನಿಂದ ಬಂದು ಹದಿನಾಲ್ಕು ವರ್ಷವಾದರೂ ಆ ಕಡೆಯ ಮಾತಿನ ಎಳೆತ ಹೋಗಿರಲಿಲ್ಲ. "ದಪ್ಪ ಆಗೀಯಲ್ಲ."

"ಪರೀಕ್ಷೆಗೆ ಓದ್ತಾ ಕೂತೇ ಇರ್ತೀನಲ್ಲ ಚಿಕ್ಕಮ್ಮ."

"ಓದಿದ್ರ ತಲಿ ದಪ್ಪ ಆಗಬೇಕು, ಗಲ್ಲ ಅಲ್ಲ. ಕುಂದರು. ಪರ್ಸಿಮನ್ ತಿನ್ನು. ಏನೋ ಕಾಗದ ತುಂಬಬೇಕಂತಲ್ಲ, ಲಗೂನ ಓದು, ನಾಕಕ್ಕ ಡೈಪರ್ ಬದಲಾಸೂದೈತಿ."

ಬೊಮಿ ಹಣ್ಣಿನ ಹೋಳು ಕೈಯಲ್ಲಿ ಹಿಡಿದೇ ಕೂತಳು. ಚಿಕ್ಕಮ್ಮನ ದನಿಯಲ್ಲಿ ಏನೂ ಇರಲಿಲ್ಲ, ಕುಟುಕೂ ಇಲ್ಲ. ಇದ್ದಿದ್ದರೆ ಸುಲಭವಿತ್ತು. "ಮೊದಲನೇದು. ಹಿರಿಯರು ವಿವೇಕಿಗಳೋ, ಮೂರ್ಖರೋ. ಒಂದರಿಂದ ಏಳರೊಳಗೆ ಹೇಳಿ."

"ಯಾವ ಹಿರ್ಯಾರು?"

"ಒಟ್ಟಾರೆ ಹಿರಿಯರು."

"ಒಟ್ಟಾರೆ ಹಿರ್ಯಾರು ಯಾವ ಹಾಸಿಗಿ ಮ್ಯಾಲ ಮಲಗ್ಯಾರ? ನಾ ಆರು ಮಂದಿ ಕುಂಡಿ ತೊಳಿತೀನಿ. ಅಲ್ಲಿ ಒಂದನೇದಾಕಿ ಮಗನ ಹೆಸರ ಮರತಾಳ, ಸೊಸಿ ಬೈದದ್ದು ಒಂದೂ ಮರತಿಲ್ಲ. ಆಕಿ ಶಾಣ್ಯಾಕೋ ದಡ್ಡೋ? ಇದನ್ನ ನಿಮ್ಮ ಪ್ರೊಫೆಸರ್ ಹೇಳಲಿ."

"ಒಂದು ನಂಬರ್ ಸಾಕು ಚಿಕ್ಕಮ್ಮ."

"ಬೆಳಗಿಂದೋ, ಸಂಜೀದೋ?"

ಐದನೇ ಹಾಸಿಗೆಯಿಂದ ಒಂದು ದನಿ, "ನನ್ನನ್ನ ಏಳಕ್ಕೆ ಹಾಕ್ಕೊಳ್ಳಮ್ಮಾ, ನಾನು ಗಯ್ಯಾಳಿ" ಎಂದಿತು. "ನಿನ್ನ ಏಳಕ್ಕ ಹಾಕಿದ್ರ ಏಳಕ್ಕ ಅವಮಾನ, ಸುಮ್ಮನ ಮಲಗು" ಎಂದು ಚಿಕ್ಕಮ್ಮ ತಿರುಗಿ ನೋಡದೆಯೇ ಹೇಳಿದಳು. ಬೊಮಿಗೆ ನಗು ಬಂತು, ನಗು ಬಂದದ್ದಕ್ಕೆ ಹೆದರಿಕೆಯಾಯಿತು. "ಸ್ವಚ್ಛ, ಕೊಳಕು," ಎಂದು ಓದಿದಳು.

"ನಾ ತೊಳದ ಮ್ಯಾಲ ಒಂದು, ತೊಳಿಯೂಕಿಂತ ಮೊದಲ ಏಳು. ಅದು ಅವರ ಮಾರ್ಕಲ್ಲ ತಂಗಿ, ನನ್ನ ಮಾರ್ಕು."

ಬೊಮಿ ನಾಲ್ಕಕ್ಕೆ ಗುರುತು ಹಾಕಿದಳು. ಹೀಗೆ ಉತ್ತರ ಕೊಡುವವರ ಹಾಳೆ ಲೆಕ್ಕಕ್ಕೆ ಹಾಳು ಎಂದು ಪ್ರೊಫೆಸರ್ ಗು ಹೇಳುತ್ತಿದ್ದರು. ಎಲ್ಲವೂ ನಡುವಿಗೆ ಬಿದ್ದರೆ ಮನಸ್ಸು ತಿಳಿಯುವುದಿಲ್ಲ. ಹತ್ತನೇ ಸಾಲು, ಹನ್ನೊಂದನೇ ಸಾಲು. ಹನ್ನೆರಡನೆಯದು, ಇತರರನ್ನು ನಂಬುವವರು, ಸಂಶಯಪಡುವವರು. ಅಲ್ಲಿ ಅವಳು ಓದುವುದನ್ನು ನಿಲ್ಲಿಸಿದಳು. ಕೈ ಕಟ್ಟಿದ ಆ ದಿನ ಸಂಜೆ ಅವಳು ಈ ಕೋಣೆಗೆ ಬಂದಾಗ ಇಲ್ಲಿ ಗುಂಪು ನೆರೆದಿತ್ತು. ಅಜ್ಜಿಯ ಮಣಿಕಟ್ಟು ನೀಲಿಯಾಗಿ ಊದಿ, ಚರ್ಮ ನೆನೆದ ಕಾಗದದಂತೆ ಕಿತ್ತು ಬಂದಿತ್ತು. ಗಂಟು ಬಿಚ್ಚಲಾಗದೆ ಚಿಕ್ಕಮ್ಮ ಕತ್ತರಿಯಿಂದ ಪಟ್ಟಿ ಕತ್ತರಿಸುತ್ತಿದ್ದಳು. "ಯಾರು ಕಟ್ಟಿದ್ದು?" ಎಂದು ಹೆಡ್ ನರ್ಸ್ ಯೊಮ್ ಕೇಳಿದರು. ಮತ್ತೆ ಚಿಕ್ಕಮ್ಮನ ಕಡೆ ತಿರುಗಿ, "ನೀವೇ ಅಲ್ವಾ?" ಎಂದರು. ಕತ್ತರಿ ಕೆಳಗಿಟ್ಟು, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, ಚಿಕ್ಕಮ್ಮ "ಹೂಂ" ಎಂದಳು. ಅಪಘಾತದ ವಿವರಣೆ ಪತ್ರವನ್ನು ಹೆಡ್ ನರ್ಸ್ ಹೇಳಿ ಬರೆಸಿದರು: ರೋಗಿ ತನ್ನನ್ನು ತಾನೇ ಪರಚಿಕೊಳ್ಳುತ್ತಿದ್ದುದರಿಂದ ಕಟ್ಟಬೇಕಾಯಿತು. ಮಾರನೆಯ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಸಾಲಾಗಿ ನಿಂತಿದ್ದಾಗ ಚಿಕ್ಕಮ್ಮ ಅದನ್ನು ಗಟ್ಟಿಯಾಗಿ ಓದಿ, ತಲೆ ಬಗ್ಗಿಸಿ ಕ್ಷಮೆ ಕೇಳಿದಳು. ಬೊಮಿ ಸಾಲಿನ ಹಿಂದೆ ನಿಂತಿದ್ದಳು. ಓದುವಾಗ ಎರಡು ಕಡೆ ಚಿಕ್ಕಮ್ಮ ತಡವರಿಸಿದಳು, ಯಾರೋ ಕಿಸಕ್ಕೆಂದರು. ಪರಚಿಕೊಳ್ಳುವ ರೋಗಿ ಎಂದು ಕಡತದಲ್ಲಿ ಬಿದ್ದ ಮೇಲೆ ಅಜ್ಜಿಯ ಮಗನನ್ನು ಕರೆಸಿದರು, ಅವನು ನಿಂತಲ್ಲೇ ಸಹಿ ಹಾಕಿದ, ಕೈಗವಸು ಬಂತು.

"ಯಾಕ, ಅಲ್ಲಿ ಏನರ ತಪ್ಪ ಬರದಾರೇನು?" ಎಂದಳು ಚಿಕ್ಕಮ್ಮ.

"ಇಲ್ಲ."

"ನೀನೂ ಇದನ್ನ ತುಂಬೀಯಲ್ಲ. ಅದಕ್ಕ ಎಷ್ಟ ಹಾಕಿದಿ?"

"ಒಂದು."

"ಒಂದು!" ಚಿಕ್ಕಮ್ಮ ಸಿಪ್ಪೆಯನ್ನು ತಟ್ಟೆಗೆ ಹಾಕಿದಳು. "ಭಾಳ ಛಲೋ."

"ಚಿಕ್ಕಮ್ಮ, ಅವತ್ತು ಕಟ್ಟಿದ್ದು ನಾನು."

ಹೇಳಿ ಮುಗಿಸಿದಾಗ ಏನಾದರೂ ಆಗುತ್ತದೆ ಎಂದು ಹತ್ತು ತಿಂಗಳಿಂದ ಅಂದುಕೊಂಡಿದ್ದಳು. ಚಾಕು ನಿಲ್ಲಲಿಲ್ಲ. ಸಿಪ್ಪೆ ತುಂಡಾಗದೆ ಸುರುಳಿಯಾಗಿ ಇಳಿಯುತ್ತಲೇ ಇತ್ತು.

"ಗೊತ್ತೈತಿ," ಎಂದಳು ಚಿಕ್ಕಮ್ಮ. "ಗಂಟ ನಾನ ನೋಡೀನಲ್ಲ. ಒಂದ ಸಲ ಎಳದ್ರ ಬಿಚ್ಚಬೇಕು, ಹಂಗ ಹಾಕ್ರಿ ಅಂತ ನಮಗ ಮೊದಲನೇ ದಿನಾನ ಕಲಸ್ತಾರ. ಇಲ್ಲಿ ದುಡಿಯೂ ಯಾವಾಕಿನೂ ಅಂಥಾ ಗಂಟ ಹಾಕೂದಿಲ್ಲ. ಸಿಟ್ಟಿನ ಗಂಟು ಅದು."

"ಮತ್ತೆ ನೀವ್ಯಾಕೆ ಹೂಂ ಅಂದ್ರಿ?"

"ಇಲ್ಲಂದ್ರ ಯಾರು ನಂಬತಿದ್ರು? ಗಡಿ ಆಚೆಯಿಂದ ಬಂದಾಕಿ ನಾ. ನೀ ಬಾಯಿ ಬಿಡತಿ ಅಂತ ಒಂದೀಟು ಕಾಯ್ದೆ. ನೀ ನಿನ್ನ ಬೂಟು ನೋಡಕೊಂತ ನಿಂತಿ."

"ಕ್ಷಮಿಸಿ ಚಿಕ್ಕಮ್ಮ." ಬೊಮಿಯ ಕಣ್ಣು ತುಂಬಿತು.

"ಅಳಬ್ಯಾಡ, ಇಲ್ಲಿ ಅಳೂದಕ್ಕ ಹಾಸಿಗಿ ಖಾಲಿ ಇಲ್ಲ. ನನಗ್ಯಾಕ ಕೇಳತಿ ಕ್ಷಮಾ? ನಾ ಓದಿ ತಲಿ ಬಗ್ಗಿಸಿದ್ದು ಅವತ್ತ ಮುಗೀತು. ಮುಗೀಲಾರದ್ದು ಅಲ್ಲೈತಿ." ಗದ್ದದಿಂದ ಕೈಗವಸನ್ನು ತೋರಿಸಿದಳು. "ನಾ ಹೇಳಿದ್ರ ಬಿಚ್ಚೂದಿಲ್ಲ. ಎರಡು ಸಲ ಹೇಳೀನಿ. ಉಳದದ್ದಕ್ಕೆಲ್ಲಾ ನಾಕು ಹಾಕ್ಕೊಂಡು ಹೋಗು. ಕ್ರೀಮ್ ಅಲ್ಲಿಟ್ಟ ಹೋಗು."

ಬೊಮಿ ಉಳಿದ ಒಂಬತ್ತು ಸಾಲಿಗೂ ನಾಲ್ಕು ಹಾಕಿದಳು. ಲಕೋಟೆ ಅಂಟಿಸಿದಳು. ಎಂಬತ್ತಾಯಿತು. ಕಾರಿಡಾರಿನಲ್ಲಿ ಬಲಕ್ಕೆ ಲಿಫ್ಟು, ಎಡಕ್ಕೆ ನರ್ಸುಗಳ ಕೌಂಟರು. ಬರುವ ಜನವರಿಯಲ್ಲಿ ನರ್ಸುಗಳ ದೇಶಮಟ್ಟದ ಪರೀಕ್ಷೆ. ಅದರಾಚೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ಪ್ರೊಫೆಸರ್ ಗು ಅವರ ಪತ್ರದಿಂದ ಆಗಲೇ ಗಟ್ಟಿಯಾದದ್ದು. ನಿಜ ಬರೆದು ಕೊಟ್ಟರೆ ಆ ತರಬೇತಿಯ ಗಂಟೆಗಳನ್ನು ಹೊಡೆದು ಹಾಕಬಹುದು, ಗಂಟೆಗಳಿಲ್ಲದೆ ಪರೀಕ್ಷೆಯಿಲ್ಲ. ಚಿಕ್ಕಮ್ಮನಿಗೆ ಹೇಳಿಯಾಯಿತಲ್ಲ ಎಂದು ಒಳಗೆ ಏನೋ ಹಗುರಾಗುತ್ತಿತ್ತು, ಆ ಹಗುರವೇ ಅವಳಿಗೆ ಹೇಸಿಗೆ ತಂದಿತು. ಯಾರಿಗೆ ಹೇಳಿದರೆ ಏನೂ ಕಳೆದುಕೊಳ್ಳುವುದಿಲ್ಲವೋ ಅವರಿಗೆ ಹೇಳಿ ಮುಗಿಸಿದ್ದಳು. ಲಿಫ್ಟು ಬಂದು, ಬಾಗಿಲು ತೆರೆದು, ಮುಚ್ಚಿ, ಹೋಯಿತು.

ಕೌಂಟರಿನಲ್ಲಿ ಹೆಡ್ ನರ್ಸ್ ಯೊಮ್ ಕಡ್ಡಿಯಂಥ ಉದ್ದ ಪೊಟ್ಟಣದ ಕಾಫಿಯನ್ನು ಅದೇ ಪೊಟ್ಟಣದಿಂದ ಕಲಕುತ್ತ, ಕಟ್ಟಿದ್ದು ತಾನೆಂದು ಬೊಮಿ ಹೇಳಿದ್ದನ್ನು ಕೇಳಿಸಿಕೊಂಡರು. ಮುಖ ಬಿಗಿಯಾಯಿತು, ದನಿ ಏರಲಿಲ್ಲ. "ಈಗ್ಯಾಕೆ ಇದು? ಆ ಕಡತ ಮುಚ್ಚಿ ಎಷ್ಟು ದಿನ ಆಯ್ತು. ಪರೀಕ್ಷೆ ಮುಂದಿಟ್ಕೊಂಡು ತಲೆ ಕೆಟ್ಟಿದ್ಯಾ?"

"ಅವರು ಪರಚಿಕೊಂಡಿರಲಿಲ್ಲ ಮೇಡಂ. ಅದು ಸುಳ್ಳು. ಆ ಸುಳ್ಳಿನಿಂದಲೇ ಕೈಗವಸು."

"ಸುಳ್ಳು ಬರೆಸಿದ್ದು ಯಾರು?"

ಬೊಮಿ, ಈ ಸಲವೂ ಬೂಟು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಕಷ್ಟಪಟ್ಟು ತಲೆ ಎತ್ತಿದಳು.

"ನಾನು," ಎಂದರು ಯೊಮ್. "ಹೇಳು ಪರವಾಗಿಲ್ಲ. ನಲವತ್ತೆರಡು ಹಾಸಿಗೆ, ಇಬ್ಬರು ನರ್ಸು. ಏನೋ ಒಂದು ಬರೀಬೇಕಿತ್ತು." ಡ್ರಾಯರು ಎಳೆದು ಒಂದು ಹಾಳೆ ತೆಗೆದು ಕೌಂಟರಿನ ಮೇಲೆ ತಳ್ಳಿದರು. ವಿವರಣೆ ಪತ್ರ. ಹೆಸರು, ತಾರೀಕು, ಕೆಳಗೆ ಹತ್ತು ಗೆರೆ. "ಬರಿ. ನಿನ್ನ ಕಾಲೇಜಿಗೂ ಹೋಗುತ್ತೆ ಇದು, ತಿಳ್ಕೋ. ಆದ್ರೆ ನೀನು ಬರೆದ ತಕ್ಷಣ ಕೈಗವಸು ತೆಗೆಯೋಕಾಗಲ್ಲ. ಡಾಕ್ಟರು ಸೋಮವಾರ ಬರ್ತಾರೆ, ಮಗ ಒಪ್ಬೇಕು. ಯಾರಾದ್ರೂ ಪಕ್ಕದಲ್ಲೇ ಕೂತು ಕೈ ನೋಡ್ಕೊಂಡಿದ್ರೆ ಅಷ್ಟು ಹೊತ್ತು ಬಿಚ್ಚಿಡಬಹುದು, ಅದು ನಿಯಮ. ಕೂರೋಕೆ ಇಲ್ಲಿ ಯಾರಿಗಿದೆ ಪುರುಸೊತ್ತು?"

"ನಾನು ಅಲ್ಲೇ ಕೂತು ಬರೀತೀನಿ."

ಯೊಮ್ ಅವಳನ್ನು ಒಂದು ಗಳಿಗೆ ನೋಡಿದರು. "ಏಳೋವಾಗ ಕಟ್ಟಿ ಏಳು. ಸರಿಯಾದ ಗಂಟು."

ಬಿಚ್ಚಿದ ಕೈಗವಸಿನೊಳಗಿನಿಂದ ಹುಳಿ ವಾಸನೆ ಬಂತು. ಕೈ ಬೆಳ್ಳಗೆ, ಮೆದುವಾಗಿ, ನೀರಿನಲ್ಲಿ ಬಹಳ ದಿನ ಇದ್ದ ವಸ್ತುವಿನ ಹಾಗಿತ್ತು. ಬೆರಳುಗಳು ಅರ್ಧ ಮಡಿಸಿಕೊಂಡೇ ಗಟ್ಟಿಯಾಗಿದ್ದವು. ಮಣಿಕಟ್ಟಿನ ಸುತ್ತ ಬಳೆಯಂತೆ ಹಳೆಯ ಗಾಯದ ಹೊಳಪು. ಅಜ್ಜಿ ಕಣ್ಣು ಬಿಟ್ಟಳು. ಬೊಮಿಯನ್ನು ನೋಡಿದಳು, ಗುರುತಿಸಲಿಲ್ಲ. ಬೊಮಿಯ ಕೈಯಲ್ಲಿದ್ದ ಕೈಗವಸನ್ನು ಗುರುತಿಸಿದಳು. ಕೂಡಲೇ, ಯಾರೂ ಹೇಳದೆ, ಬಲಗೈಯನ್ನು ಅದರ ಕಡೆಗೆ ಚಾಚಿದಳು.

"ಹಾಕಮ್ಮ," ಎಂದಳು. "ನಿಂಗೆ ಹೊತ್ತಾಗುತ್ತೆ."

ಬೊಮಿ ಕೈಗವಸನ್ನು ಕುಳ್ಳ ಮಂಚದ ಮೇಲಿಟ್ಟು, ಆ ಕೈಗವಸಿನ ಮೇಲೆಯೇ ಕೂತಳು. ಚಾಚಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಕಾದು, ಹೊದಿಕೆಯ ಮೇಲೆ ಇಳಿಯಿತು. ಥಾಕ್ ಚಿಕ್ಕಮ್ಮ ಡೈಪರುಗಳನ್ನು ಎದೆಗೊತ್ತಿಕೊಂಡು ಒಂದನೇ ಹಾಸಿಗೆಗೆ ಹೋಗುತ್ತ ಈ ಕಡೆ ನೋಡಿದಳು, ಸೊಂಟದ ಜೇಬಿನಿಂದ ಕ್ರೀಮಿನ ಟ್ಯೂಬು ತೆಗೆದು ಹಾಸಿಗೆಯ ಮೇಲೆ ಎಸೆದು ಹೋದಳು. ಬೊಮಿ ಲಕೋಟೆಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಹಾಳೆ ಇಟ್ಟುಕೊಂಡಳು. ಪ್ಯೋ ಬೊಮಿ, ನಾಲ್ಕನೇ ವರ್ಷ. ಮೊದಲ ಗೆರೆಯಲ್ಲಿ 'ಕಟ್ಟಲಾಯಿತು' ಎಂದು ಬರೆದು, ಹೊಡೆದು ಹಾಕಿ, 'ನಾನು ಕಟ್ಟಿದೆ' ಎಂದು ಬರೆದಳು. ಎರಡನೇ ಗೆರೆಗೆ ಕಾರಣ ಬರೆಯಬೇಕಿತ್ತು. ರೋಗಿ ನಕ್ಕಿದ್ದಕ್ಕೆ, ಎಂದು ಬರೆದಾಗ ಅದು ಅಷ್ಟೇ ಎಂದು ಕಂಡಿತು, ಸೇರಿಸಲು ಏನೂ ಸಿಗಲಿಲ್ಲ. ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು, ಪ್ರೊಫೆಸರ್ ಗು ಇರಬೇಕು, ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಗೆರೆಗಳು ಹತ್ತೇ ಇದ್ದವು. ಬೇಗ ಬರೆದರೆ ಬೇಗ ಮುಗಿಯುತ್ತದೆ, ಮುಗಿದರೆ ಎದ್ದು ಕಟ್ಟಬೇಕು. ಅವಳು ಅಕ್ಷರಗಳನ್ನು ಸಣ್ಣದು ಮಾಡಿದಳು.

ಆರನೇ ಗೆರೆಯಲ್ಲಿದ್ದಾಗ ಕೈ ಅಲುಗಿತು. ಹೊದಿಕೆಯ ಮೇಲಿಂದ ಹೊರಳಿ, ಕಂಬಿಯನ್ನು ಹುಡುಕಿ, ಮಡಿಸಿದ ಬೆರಳುಗಳ ಹಿಂಬದಿಯಿಂದ ತಟ್ಟಿತು. ಒಂದು. ನಡುವೆ ಬಹಳ ಹೊತ್ತು. ಎರಡು. ಪಕ್ಕದ ಹಾಸಿಗೆಗೂ ಕೇಳಿಸದಷ್ಟು ಸದ್ದು.

"ಓರಾಯ್," ಎಂದಳು ಅಜ್ಜಿ, ಬೊಮಿಯನ್ನು ನೋಡುತ್ತ.

ಬೊಮಿ ಹೊರಡಲಿಲ್ಲ. ಏಳನೇ ಗೆರೆಯ ಅಕ್ಷರಗಳನ್ನು ಇನ್ನೂ ಸಣ್ಣದು ಮಾಡಿದಳು.